ಬೆಳ್ಳಿಯ ರೂಪಾಯಿ ಮತ್ತು 1893ರ ಟಂಕಸಾಲೆ: ಓದುಗರೊಬ್ಬರಿಗೆ ಉತ್ತರ

ಮಾನ್ಯರೇ,

1893ರಲ್ಲಿ ಬ್ರಿಟಿಷ್ ಸರ್ಕಾರ ಟಂಕಸಾಲೆಗಳ (ನಾಣ್ಯ ಅಚ್ಚುಹಾಕುವ ಕಾರ್ಖಾನೆಗಳ) ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿದ್ದರಿಂದ ರೈತರಿಗೆ ನಷ್ಟವಾಯಿತೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ತಾವು ಒಪ್ಪಿಲ್ಲ. ಕುಸಿಯುತ್ತಿದ್ದ ರೂಪಾಯಿ ಆ ಕ್ರಮದಿಂದಲೇ ಚೇತರಿಸಿಕೊಂಡಿತಲ್ಲವೇ, ನಾಣ್ಯ ಗಟ್ಟಿಯಾದರೆ ಬಡವನಿಗೆ ಕೆಡುಕು ಹೇಗೆ ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು, ಅಷ್ಟು ದೊಡ್ಡ ಮಾತನ್ನು ನಾವು ಒಂದೇ ವಾಕ್ಯದಲ್ಲಿ ಮುಗಿಸಬಾರದಿತ್ತು.

ರೂಪಾಯಿ ಚೇತರಿಸಿಕೊಂಡದ್ದು ನಿಜ. 1870ರ ದಶಕದಲ್ಲಿ ಜರ್ಮನಿ ಚಿನ್ನದ ನಾಣ್ಯಕ್ಕೆ ತಿರುಗಿ, ಫ್ರಾನ್ಸ್ ಮೊದಲಾದ ದೇಶಗಳು ಬೆಳ್ಳಿ ನಾಣ್ಯದ ಮುದ್ರಣಕ್ಕೆ ಮಿತಿ ಹಾಕಿದ ಮೇಲೆ ಬೆಳ್ಳಿಯ ಬೆಲೆ ಇಳಿಯುತ್ತಲೇ ಹೋಯಿತು. ಆ ದಶಕದ ಆರಂಭದಲ್ಲಿ ಬ್ರಿಟನ್ನಿನ ಸುಮಾರು 2 ಶಿಲಿಂಗ್ (12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್) ಬಾಳುತ್ತಿದ್ದ ರೂಪಾಯಿ 1893ರ ಹೊತ್ತಿಗೆ ಸುಮಾರು 1 ಶಿಲಿಂಗ್ 3 ಪೆನ್ಸ್‌ಗೆ ಬಂದಿತ್ತು. ಸಾಲದ ಬಡ್ಡಿ, ಪಿಂಚಣಿ ಎಂದು ಲಂಡನ್ನಿಗೆ ಕಟ್ಟುತ್ತಿದ್ದ ಪ್ರತಿ ಪೌಂಡಿಗೆ ಮೊದಲು 10 ರೂಪಾಯಿ ಸಾಕಾಗುತ್ತಿದ್ದರೆ, ಈಗ 16 ತೆರಬೇಕಾಯಿತು. ಭಾರತದ ನಾಣ್ಯದ ಪ್ರಶ್ನೆಯನ್ನು ಪರಿಶೀಲಿಸಲು ನೇಮಿಸಿದ್ದ ಹರ್ಷೆಲ್ ಸಮಿತಿಯ ಸಲಹೆಯಂತೆ ಜೂನ್ 26ರಂದು ಸರ್ಕಾರ ಖಾಸಗಿ ಬೆಳ್ಳಿಯನ್ನು ನಾಣ್ಯವಾಗಿಸಿ ಕೊಡುವುದನ್ನು ನಿಲ್ಲಿಸಿತು. ನಾಣ್ಯ ವಿರಳವಾಗಿ, 1898ರ ವೇಳೆಗೆ ರೂಪಾಯಿ 1 ಶಿಲಿಂಗ್ 4 ಪೆನ್ಸ್‌ಗೆ ಏರಿತು.

ಆದರೆ ರೂಪಾಯಿ ಏರಿದಾಗ ಬೆಳ್ಳಿ ಅದರೊಂದಿಗೆ ಏರಲಿಲ್ಲ, ಇನ್ನೂ ಇಳಿಯಿತು. ರೈತನ ಉಳಿತಾಯವಿದ್ದದ್ದು ಮಡದಿಯ ಕಾಲ್ಗಡಗದಲ್ಲಿ, ಮಗುವಿನ ಉಡಿದಾರದಲ್ಲಿ. ರೂಪಾಯಿಯ ತೂಕ ಸರಿಯಾಗಿ ಒಂದು ತೊಲ; ಟಂಕಸಾಲೆ ತೆರೆದಿದ್ದಷ್ಟು ಕಾಲ ನಾಣ್ಯದಷ್ಟೇ ಶುದ್ಧವಾದ 40 ತೊಲದ ಒಡವೆಗೆ, ಮುದ್ರಣದ ಅಲ್ಪ ಖರ್ಚು ಕಳೆದು, ಹೆಚ್ಚುಕಡಿಮೆ 40 ರೂಪಾಯಿ ಹುಟ್ಟುತ್ತಿತ್ತು. 1898ರ ಲಂಡನ್ ಧಾರಣೆಯಲ್ಲಿ ಲೆಕ್ಕ ಹಾಕಿದರೆ ಅದೇ ಒಡವೆಗೆ ಬರುವುದು ಸುಮಾರು 25 ರೂಪಾಯಿ. ಇದರ ನಡುವೆಯೇ 1896-97ರ ಬರ ಬಂತು. ವಿಜಾಪುರದ ಕಡೆಯ ನಮ್ಮ ಜನವೂ ಅದರಲ್ಲಿ ಬೆಂದರು. ಕಾಳು ಕೊಳ್ಳಲು ಒಡವೆ ಬಿಚ್ಚಿಕೊಟ್ಟವರ ಕೈಗೆ ಕಡಿಮೆ ರೂಪಾಯಿ ಬಂದಾಗಲೂ, ಕಂದಾಯ ಮತ್ತು ಸಾಹುಕಾರನ ಸಾಲ ಹಳೆಯ ರೂಪಾಯಿಯ ಲೆಕ್ಕದಲ್ಲೇ ನಿಂತಿದ್ದವು. ಇದನ್ನು ನಷ್ಟವೆನ್ನದೆ ಬೇರೆ ಹೆಸರಿನಿಂದ ಕರೆಯಲು ನಮಗೆ ಮನಸ್ಸು ಬಾರದು.

ಮುಚ್ಚದಿದ್ದರೆ ತೆರಿಗೆ ಹೆಚ್ಚುತ್ತಿತ್ತೆಂಬ ತಮ್ಮ ಮಾತನ್ನು ಸರ್ಕಾರವೂ ಹೇಳಿತ್ತು. ಲಂಡನ್ನಿಗೆ ಕಟ್ಟುವ ಹಣ ಇಳಿಯುವಂತಿಲ್ಲ ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಆ ವಾದ ನಿಲ್ಲುತ್ತದೆ. ದಾದಾಭಾಯಿ ನವರೋಜಿಯವರು ಅದನ್ನೇ ಒಪ್ಪಲಿಲ್ಲ. ರೋಗವಿರುವುದು ವಿನಿಮಯ ದರದಲ್ಲಲ್ಲ, ವರ್ಷವರ್ಷವೂ ದೇಶದಿಂದ ಹರಿದುಹೋಗುವ ಸಂಪತ್ತಿನಲ್ಲಿ ಎಂಬುದು ಅವರ ನಿಲುವಾಗಿತ್ತು. ನಾವೂ ಅದೇ ಪಕ್ಷದವರು.

— ಸಂಪಾದಕ