ಹುಡುಕಾಟದಲ್ಲಿ ನಮ್ಮ ಜಾಲತಾಣ ಹಿಂದೆ ಬೀಳುವುದೇಕೆ?

ಪ್ರಶ್ನೆ: ಮೂಡಿಗೆರೆ ಸಮೀಪದ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಜಾಲತಾಣದ ಪ್ರತಿ ಪುಟದಲ್ಲೂ ‘ಚಿಕ್ಕಮಗಳೂರು ಹೋಂಸ್ಟೇ’ ಎಂದು ಹತ್ತಾರು ಬಾರಿ ಬರೆಸಿದ್ದರೂ ಗೂಗಲ್‌ನ ಮೊದಲ ಪುಟದಲ್ಲಿ ಕಾಣಿಸುತ್ತಿಲ್ಲ. ಕಾರಣವೇನು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಒಂದೇ ಪದವನ್ನು ಹೀಗೆ ತುರುಕುವುದನ್ನು ಗೂಗಲ್ ಸ್ಪ್ಯಾಮ್ ಎಂದೇ ಪರಿಗಣಿಸುವುದರಿಂದ ಅದು ಲಾಭಕ್ಕಿಂತ ಹಾನಿಯನ್ನೇ ಮಾಡುತ್ತದೆ, ಪುಟದ ಕೋಡ್‌ನಲ್ಲಿ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನಂತೂ ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು ಅದು 2009ರಲ್ಲೇ ತಿಳಿಸಿದೆ. ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ವಿವರಿಸಿದ ಪೇಜ್‌ರ‍್ಯಾಂಕ್ ವಿಧಾನವು ನಿಮ್ಮ ತಾಣಕ್ಕೆ ಬೇರೆ ತಾಣಗಳಿಂದ ಎಷ್ಟು ಕೊಂಡಿಗಳು (ಲಿಂಕ್‌ಗಳು) ಬಂದಿವೆ ಎಂಬುದರ ಜೊತೆಗೆ, ಕೊಂಡಿ ಕೊಟ್ಟ ತಾಣದ ತೂಕವನ್ನೂ ಅಳೆಯುತ್ತಿತ್ತು. ಕೊಂಡಿಗಳಿಗೆ ಇಂದಿಗೂ ಬೆಲೆಯಿದೆ, ಹಣ ತೆತ್ತು ಪಡೆದವಕ್ಕಲ್ಲ.

ನಿಮ್ಮ ನಿಜವಾದ ತೊಡಕು ಬೇರೆಡೆ ಇರಬಹುದು. ನಕ್ಷೆಯೊಡನೆ ಬರುವ ಸ್ಥಳೀಯ ಫಲಿತಾಂಶಗಳನ್ನು ಗೂಗಲ್ ಮುಖ್ಯವಾಗಿ ಪ್ರಸ್ತುತತೆ, ದೂರ ಹಾಗೂ ಪ್ರಸಿದ್ಧಿಯ ಆಧಾರದ ಮೇಲೆ ಜೋಡಿಸುತ್ತದೆ. ಆದ್ದರಿಂದ ಸುಮಾರು 30 ಕಿಲೋಮೀಟರ್ ದೂರದ ಚಿಕ್ಕಮಗಳೂರಿನ ಹೆಸರಿಗೆ ಜೋತುಬೀಳುವ ಬದಲು, ತೋಟದಿಂದ ದೇವರಮನೆ ಬೆಟ್ಟಕ್ಕೆ ಹೋಗುವ ದಾರಿ, ಮಳೆಗಾಲದಲ್ಲಿ ರಸ್ತೆಯ ಸ್ಥಿತಿ ಮುಂತಾಗಿ ನಿಮಗಷ್ಟೇ ಚೆನ್ನಾಗಿ ತಿಳಿದಿರುವುದನ್ನು ಬರೆಯಿರಿ. ಅತಿಥಿಗಳ ವಿಮರ್ಶೆಗಳೂ ಪ್ರಸಿದ್ಧಿಯ ಲೆಕ್ಕಕ್ಕೆ ಸೇರುತ್ತವೆ. ತೋಟದ ದೊಡ್ಡ ಗಾತ್ರದ ಚಿತ್ರಗಳನ್ನು ಕುಗ್ಗಿಸಿ ಹಾಕಿ: ಪುಟದ ಮುಖ್ಯ ಭಾಗ ಮೊಬೈಲಿನಲ್ಲಿ 2.5 ಸೆಕೆಂಡಿನೊಳಗೆ ಮೂಡಿದರೆ ಉತ್ತಮವೆಂಬುದು ಗೂಗಲ್‌ನ ಮಾನದಂಡ.