ವಿಮಾನ ನಿಲ್ದಾಣದಲ್ಲಿ ವೈಫೈ ಇರುವಾಗ ಪ್ರೈವೇಟ್ 5ಜಿ ಯಾಕೆ ಬೇಕು?

ಟರ್ಮಿನಲ್ ತುಂಬಾ ವೈಫೈ ಇದೆ, ಮೊಬೈಲ್ ಟವರ್‌ಗಳೂ ಇವೆ, ಆದರೂ ದೊಡ್ಡ ನಿಲ್ದಾಣಗಳು ಪ್ರೈವೇಟ್ 5ಜಿಗೆ, ಅಂದರೆ ತಮ್ಮ ಬಳಕೆಗಷ್ಟೇ ಇರುವ ಸ್ವಂತ 5ಜಿ ನೆಟ್‌ವರ್ಕಿಗೆ, ಯಾಕೆ ದುಡ್ಡು ಸುರಿಯುತ್ತವೆ, ಅದರಿಂದ ನಮ್ಮ ಫೋನಿನ ನೆಟ್ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಇಂಥ ನೆಟ್‌ವರ್ಕ್ ಹಾಕುವುದೇ ನನ್ನ ಕೆಲಸ, ಹಾಗಾಗಿ ನೇರವಾಗಿ ಹೇಳುತ್ತೇನೆ: ನಿಮ್ಮ ಫೋನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಿಮ್ಮ ಸಿಮ್ಮನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದು ಇರುವುದು ನಿಲ್ದಾಣದ ಸಿಬ್ಬಂದಿಗೆ, ಅವರ ಗಾಡಿ, ಸ್ಕ್ಯಾನರ್, ಕ್ಯಾಮೆರಾಗಳಿಗೆ.

ನಿಜವಾದ ಪರದಾಟ ಇರುವುದು ಹೊರಗೆ, ವಿಮಾನ ನಿಲ್ಲುವ ಏಪ್ರನ್‌ನಲ್ಲಿ. ಅಲ್ಲಿ ಸಿಕ್ಕಸಿಕ್ಕಲ್ಲಿ ಕಂಬ ನೆಡಲು ಬಿಡುವುದಿಲ್ಲ, ಕಾಂಕ್ರೀಟ್ ಅಗೆದು ಕೇಬಲ್ ಎಳೆಯುವುದಂತೂ ದೊಡ್ಡ ರಗಳೆ. ಹೀಗಾಗಿ ವೈಫೈ ಪೆಟ್ಟಿಗೆಗಳು ಹೆಚ್ಚಾಗಿ ಕಟ್ಟಡದ ಗೋಡೆಯಲ್ಲೇ ಇರುತ್ತವೆ. ಅಗಲ ಮೈಯ ವಿಮಾನವೊಂದು ಗೇಟಿಗೆ ಬಂದು ನಿಂತರೆ ಸಿಗ್ನಲ್ ಆಚೆಗೆ ಹೋಗುವುದಿಲ್ಲ. ಅದರ ಆ ಬದಿಯಲ್ಲಿ ನಿಂತು ಬ್ಯಾಗಿನ ಟ್ಯಾಗ್ ಓದಿಸುತ್ತಿರುವವನ ಸ್ಕ್ಯಾನರ್ ಸುಮ್ನೆ ಚಕ್ರ ತಿರುಗಿಸುತ್ತಾ ಕೂರುತ್ತದೆ. ಅವನು ಎರಡು ಹೆಜ್ಜೆ ಹಿಂದೆ ಬಂದು, ಕೈ ಮೇಲೆತ್ತಿ ನೋಡುತ್ತಾನೆ. ಓಡುವ ಗಾಡಿಗಳದ್ದು ಇನ್ನೊಂದು ಕಥೆ. ವೈಫೈನಲ್ಲಿ ಯಾವಾಗ ಬೇರೆ ಪೆಟ್ಟಿಗೆಗೆ ಹಾರಬೇಕು ಅನ್ನುವುದನ್ನು ಗಾಡಿಯಲ್ಲಿರುವ ಸಾಧನವೇ ತೀರ್ಮಾನಿಸುತ್ತದೆ, ಅದು ಸತ್ತುಹೋಗುತ್ತಿರುವ ಸಿಗ್ನಲ್ಲಿಗೇ ಜೋತುಬಿದ್ದಿರುತ್ತದೆ. 4ಜಿ, 5ಜಿಯಲ್ಲಿ ಆ ತೀರ್ಮಾನ ನೆಟ್‌ವರ್ಕಿನದು. ಒಂದು ಆಂಟೆನಾದ ಹರವೂ ಜಾಸ್ತಿ.

ಸಾಲದ್ದಕ್ಕೆ ರಾಡಾರ್ ಕಾಟ. 5 ಗಿಗಾಹರ್ಟ್ಸ್ ವೈಫೈನ ಎಷ್ಟೋ ಚಾನೆಲ್‌ಗಳನ್ನು ಹವಾಮಾನ ರಾಡಾರ್‌ಗಳಂಥವುಗಳ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಸುಳಿವು ಸಿಕ್ಕ ತಕ್ಷಣ ವೈಫೈ ಆ ಚಾನೆಲ್ ಬಿಟ್ಟು ಓಡಬೇಕು, 30 ನಿಮಿಷ ವಾಪಸ್ ಬರುವಂತಿಲ್ಲ. ವಿಮಾನ ನಿಲ್ದಾಣದ ಪಕ್ಕದಲ್ಲಿ ರಾಡಾರ್ ಇಲ್ಲದೆ ಇನ್ನೆಲ್ಲಿ ಇರುತ್ತದೆ ಹೇಳಿ!

ಮಾಮೂಲಿ ಮೊಬೈಲ್ ನೆಟ್‌ವರ್ಕನ್ನೇ ಬಳಸಬಹುದಲ್ವಾ ಅಂದರೆ, ನಾಲ್ಕು ವಿಮಾನ ತಡವಾದ ದಿನ ಸಾವಿರಾರು ಜನ ಒಟ್ಟಿಗೆ ವಿಡಿಯೋ ನೋಡುತ್ತಾ ಕೂರುತ್ತಾರೆ. ಸಿಬ್ಬಂದಿಗೆ ನೆಟ್ ತೀರಾ ಬೇಕಾಗುವುದೂ ಅದೇ ದಿನ. ಅದಕ್ಕೇ ಸ್ವಂತ ತರಂಗಾಂತರ. ಜರ್ಮನಿಯಲ್ಲಿ 3.7ರಿಂದ 3.8 ಗಿಗಾಹರ್ಟ್ಸ್‌ವರೆಗಿನ ತರಂಗಾಂತರವನ್ನು ಸಂಸ್ಥೆಗಳಿಗೇ ಸ್ಥಳೀಯವಾಗಿ ಕೊಡುತ್ತಾರೆ. ಫ್ರಾನ್ಸ್‌ನಲ್ಲಿ 2020ರಲ್ಲಿ ಪ್ಯಾರಿಸ್‌ನ ಶಾರ್ಲ್ ದ ಗೋಲ್, ಓರ್ಲಿ, ಲ ಬೂರ್ಜೆ ನಿಲ್ದಾಣಗಳಿಗಾಗಿ ಹಬ್ ಒನ್ ಕಂಪನಿಗೆ 2.6 ಗಿಗಾಹರ್ಟ್ಸ್ ಸಿಕ್ಕಿತು.

ಆದರೆ ಟರ್ಮಿನಲ್ ಒಳಗಷ್ಟೇ ಬಳಸುವುದಾದರೆ ಇದಕ್ಕೆ ಕೈಹಾಕಬೇಡಿ ಅಂತಲೇ ನಾನು ಹೇಳುವುದು. ಅಲ್ಲಿ ಒಳ್ಳೆಯ ವೈಫೈ ಸಾಕು, ಅಗ್ಗವೂ ಹೌದು. ಹೊರಗೂ ಕೂಡ ಆಂಟೆನಾ ಹಾಕುವುದು ಸುಲಭದ ಭಾಗ. ಲಗೇಜು, ಇಂಧನ, ಊಟ, ಸ್ವಚ್ಛತೆ ಒಂದೊಂದನ್ನೂ ಒಂದೊಂದು ಕಂಪನಿ ನೋಡಿಕೊಳ್ಳುತ್ತದೆ. ಅವರ ಹಳೆ ಸ್ಕ್ಯಾನರ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇರುವುದಿಲ್ಲ. ಹೊಸದನ್ನು ಯಾರ ಖರ್ಚಿನಲ್ಲಿ ಕೊಳ್ಳಬೇಕು ಅನ್ನುವ ಮಾತುಕತೆ ಎಷ್ಟೋ ಸಲ ನೆಟ್‌ವರ್ಕ್ ಕಟ್ಟುವುದಕ್ಕಿಂತ ಜಾಸ್ತಿ ದಿನ ಎಳೆಯುತ್ತದೆ.