34 ಮೇಲ್, ಎರಡು ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಟರ್ನ್‌ಶಿಪ್‌ನ ಗೋಳು. ಪರೀಕ್ಷೆ ಮುಗಿಯುವ ಹೊತ್ತು, ಅದಕ್ಕೇ ಇರಬೇಕು. ಮೊದಲ ಪತ್ರ ಸ್ವಲ್ಪ ಉದ್ದ ಉಂಟು, ಆದರೆ ಕತ್ತರಿಸಲು ಮನಸ್ಸಾಗಲಿಲ್ಲ.

ಪ್ರಶ್ನೆ: ಮೇಡಂ, ನಾನು ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದೇನೆ, ಸಾರ್ವಜನಿಕ ಸಂಪರ್ಕ (ಪಿ.ಆರ್.) ನನ್ನ ಆಯ್ಕೆಯ ವಿಷಯ. ಎರಡು ಕಡೆ ಇಂಟರ್ನ್‌ಶಿಪ್ ಮಾಡಬೇಕು, ಜಾಗ ನೀವೇ ಹುಡುಕಿಕೊಳ್ಳಿ ಅಂದರು ಕಾಲೇಜಿನಲ್ಲಿ. ಆಸ್ಪತ್ರೆ, ಹೋಟೆಲ್, ಬಿಲ್ಡರ್, ಜವಳಿ ಅಂಗಡಿ ಅಂತ 34 ಕಡೆ ಮೇಲ್ ಹಾಕಿದೆ. ಬಂದದ್ದು ಎರಡೇ ಉತ್ತರ. ಅದರಲ್ಲಿ ಒಂದು, "ಸದ್ಯ ನಮ್ಮಲ್ಲಿ ನರ್ಸ್ ಹುದ್ದೆ ಖಾಲಿ ಇಲ್ಲ" ಅಂತ! ಕೊನೆಗೆ ದೊಡ್ಡಮ್ಮನ ಪಕ್ಕದ ಮನೆಯವರೊಬ್ಬರು ಒಂದು ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿದ್ದಾರೆ, ಅವರು ಹೇಳಿ ಅಲ್ಲಿ ಒಂದು ತಿಂಗಳು ಸಿಕ್ಕಿತು. ಮೊದಲ ವಾರ ಪೂರ್ತಿ ಪೇಪರ್ ಕತ್ತರಿಸಿ ಫೈಲಿಗೆ ಅಂಟಿಸಿದ್ದೇ ಕೆಲಸ. ಎರಡನೇ ವಾರ ರಕ್ತದಾನ ಶಿಬಿರದ ಪ್ರೆಸ್ ನೋಟ್ ಬರೆಯಲು ಕೊಟ್ಟರು. ಆಫೀಸಿನ ಕಂಪ್ಯೂಟರ್‌ನಲ್ಲಿ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಅದನ್ನೇ ಕಾಪಿ ಮಾಡಿ ಮೇಲ್‌ಗೆ ಹಾಕಿ ಎಲ್ಲ ಪತ್ರಿಕೆಗೂ ಕಳಿಸಿದೆ. ಸಂಜೆ ಒಬ್ಬರು ಫೋನ್ ಮಾಡಿ, "ಎಂತ ಮಾರಾಯ್ತಿ ಇದು, ಚೀನೀ ಭಾಷೆಯಾ?" ಅಂತ ಕೇಳಿದರು. ಅಚ್ಚಾದ ಒಂದೇ ಪತ್ರಿಕೆಯಲ್ಲೂ ಫೋಟೋದ ಅಡಿಯಲ್ಲಿ ಡಾಕ್ಟರ ಹೆಸರು ಇರಬೇಕಾದಲ್ಲಿ ಕ್ಲಬ್ಬಿನ ಅಧ್ಯಕ್ಷರ ಹೆಸರು ಬಂದಿತ್ತು. ತಪ್ಪು ನನ್ನದೇ.

ಎರಡನೆಯದು ಒಂದು ಸಣ್ಣ ಏಜೆನ್ಸಿ, ಆರು ವಾರ. ಶುರುವಿನಲ್ಲಿ ರೀಲ್ಸ್‌ಗೆ ಕ್ಯಾಪ್ಷನ್ ಬರೆಸಿದರು, ಚೆನ್ನಾಗಿತ್ತು. ಹತ್ತನೇ ದಿನ ಒಂದು ಹೋಟೆಲಿನ ಹೆಸರು ಕೊಟ್ಟು, ಬೇರೆ ಬೇರೆ ಹೆಸರಿನಲ್ಲಿ ಐದು ಸ್ಟಾರಿನ ಇಪ್ಪತ್ತು ರಿವ್ಯೂ ಬರಿ ಅಂದರು. ನಾನು ಆ ಹೋಟೆಲಿನ ಮೆಟ್ಟಿಲೂ ಹತ್ತಿದವಳಲ್ಲ. "ನೀರುದೋಸೆ ಸೂಪರ್" ಅಂತ ಒಂದು ಬರೆದೆ, ಆಮೇಲೆ ಗೊತ್ತಾಯಿತು, ಅಲ್ಲಿ ನೀರುದೋಸೆ ಮಾಡುವುದೇ ಇಲ್ಲವಂತೆ. ನಾಲ್ಕು ಬರೆದು ಇನ್ನು ಆಗುವುದಿಲ್ಲ ಅಂದೆ. ಅಲ್ಲಿಂದ ಕೆಲಸ ಕೊಡುವುದನ್ನೇ ನಿಲ್ಲಿಸಿದರು, ಸರ್ಟಿಫಿಕೇಟೂ ಕೊಡಲಿಲ್ಲ. ನಾನು ಮಾಡಿದ್ದು ತಪ್ಪಾ? ಪೇಪರ್ ಅಂಟಿಸಿದ್ದನ್ನೆಲ್ಲ ಅನುಭವ ಅಂತ ಹೇಳಿಕೊಳ್ಳಬಹುದಾ?
– ಹೆಸರು ಬೇಡ, ಸುರತ್ಕಲ್

ಉತ್ತರ: ನೀರುದೋಸೆ ಓದಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ.

ಮೊದಲು ಮೇಲ್ ವಿಷಯ. ವೆಬ್‌ಸೈಟಿನಲ್ಲಿ ಇರುವ ವಿಳಾಸಕ್ಕೆ ಬಂದ ಮೇಲ್ ತೆರೆಯುವುದು ಸಾಮಾನ್ಯವಾಗಿ ರಿಸೆಪ್ಷನ್‌ನವರು ಅಥವಾ ಎಚ್.ಆರ್.ನ, ಅಂದರೆ ಸಿಬ್ಬಂದಿ ವಿಭಾಗದ ಹೊಸ ಹುಡುಗ. ಅವರಿಗೆ ಪಿ.ಆರ್. ಇಂಟರ್ನ್ ಅಂದರೆ ಯಾರಿಗೆ ಕಳಿಸಬೇಕು ಅಂತಲೇ ಗೊತ್ತಿರುವುದಿಲ್ಲ. ನಾನು ಈ ಊರಲ್ಲಿ 22 ವರ್ಷ ಪಿ.ಆರ್.ಒ., ಅಂದರೆ ಸಾರ್ವಜನಿಕ ಸಂಪರ್ಕ ಅಧಿಕಾರಿ ಆಗಿದ್ದೆ, ಎಚ್.ಆರ್. ಮೂಲಕ ನನ್ನ ಮೇಜಿಗೆ ಬಂದ ಇಂಟರ್ನ್‌ಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ನೇರ ಬಂದವರು, ಇಲ್ಲ ನಿಮ್ಮ ಹಾಗೆ ಯಾರದೋ ದೊಡ್ಡಮ್ಮನ ಕಡೆಯಿಂದ. ಅದರಲ್ಲಿ ನಾಚಿಕೆ ಎಂತದು? ಪರಿಚಯ ಬಾಗಿಲು ತೆರೆಯುತ್ತದೆ ಅಷ್ಟೆ, ಒಳಗೆ ಕೂತು ಪ್ರೆಸ್ ನೋಟ್ ಬರೆಯುವುದು ದೊಡ್ಡಮ್ಮ ಅಲ್ಲವಲ್ಲ.

ಪರಿಚಯ ಇಲ್ಲದವರು ಹೀಗೆ ಮಾಡಿ. ಎರಡು ವಾರ ಪತ್ರಿಕೆಗಳ ಜಿಲ್ಲಾ ಪುಟ ನೋಡಿ. ಯಾವ ಸಂಸ್ಥೆಯ ಸುದ್ದಿ ಮತ್ತೆ ಮತ್ತೆ ಬರುತ್ತದೋ ಅಲ್ಲಿ ಯಾರೋ ಕೂತು ಬರೆಯುತ್ತಿದ್ದಾರೆ, ಮತ್ತು ಅವರಿಗೆ ಖಂಡಿತ ಕೆಲಸ ಜಾಸ್ತಿಯಾಗಿದೆ. ಆ ಸಂಸ್ಥೆಯ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ, "ಪತ್ರಿಕೆಗೆ ಪ್ರೆಸ್ ನೋಟ್ ಕಳಿಸುವವರು ಯಾರು?" ಅಂತ ಕೇಳಿ. ಎಚ್.ಆರ್. ಬೇಡ. ಹೋಗುವುದಾದರೆ ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಬೆಳಿಗ್ಗೆ ಪತ್ರಿಕಾಗೋಷ್ಠಿಯ ಗಡಿಬಿಡಿ, ನಾಲ್ಕರ ಮೇಲೆ ನೋಟ್ ಕಳಿಸುವ ಗಡಿಬಿಡಿ, ಆಗ ಹೋದರೆ ನಿಮ್ಮ ಮುಖವನ್ನೂ ಯಾರೂ ನೋಡುವುದಿಲ್ಲ. ಕೈಯಲ್ಲಿ ಬಯೋಡೇಟಾ ಜೊತೆಗೆ, ಅದೇ ಸಂಸ್ಥೆಯ ಹಳೆಯ ಸುದ್ದಿಯೊಂದನ್ನು ನೀವೇ ಬೇರೆ ರೀತಿ ಬರೆದದ್ದು ಒಂದು ಪುಟ ಇರಲಿ. ನಾನು ಬಯೋಡೇಟಾ ಓದಿದ್ದು ನೆನಪಿಲ್ಲ, ಆ ಪುಟವನ್ನು ಮಾತ್ರ ಓದುತ್ತಿದ್ದೆ.

ಪೇಪರ್ ಅಂಟಿಸುವುದು ಕೆಲಸವಾ? ಕತ್ತರಿ ಹಿಡಿದು ಸುಮ್ನೆ ಕೂತರೆ ಅಲ್ಲ. ಆಸ್ಪತ್ರೆ ಕಳಿಸಿದ ನೋಟ್‌ನ ಪ್ರತಿಯನ್ನು ಪಕ್ಕದಲ್ಲಿಟ್ಟು, ಅಚ್ಚಾದದ್ದರ ಜೊತೆ ಸಾಲು ಸಾಲಾಗಿ ನೋಡಿದ್ದರೆ ಹೌದು. ಅಲ್ಲಿ ಸತ್ಯ ಗೊತ್ತಾಗುತ್ತದೆ. ನಾವು ಒಂದೂವರೆ ಪುಟ ಕಳಿಸಿರುತ್ತೇವೆ, ಬಂದಿರುವುದು ಆರು ಸಾಲು. ನಿರ್ದೇಶಕರ ಮಾತು ಪೂರ್ತಿ ಹೋಗಿರುತ್ತದೆ, ಶಿಬಿರದ ದಿನಾಂಕ, ಜಾಗ, ಫೋನ್ ನಂಬರ್ ಉಳಿದಿರುತ್ತದೆ. "ಅಪರೂಪದ ಶಸ್ತ್ರಚಿಕಿತ್ಸೆ" ಅಂತ ಬರೆದ ಕಡೆ "ಅಪರೂಪದ" ಮಾಯ. ನಮ್ಮಲ್ಲಿ ವಾರಕ್ಕೆ ಮೂರು ಅಪರೂಪದ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದರೆ ಉಪಸಂಪಾದಕರಾದರೂ ಏನು ಮಾಡಬೇಕು ಹೇಳಿ! ಆ ಫೈಲ್ ಈಗಲೂ ಅಲ್ಲಿಯೇ ಇರುತ್ತದೆ. ಒಂದು ಮಧ್ಯಾಹ್ನ ಕೇಳಿಕೊಂಡು ಹೋಗಿ, ಹತ್ತು ನೋಟ್ ಹೀಗೆ ಹೋಲಿಸಿ ಬರೆದುಕೊಳ್ಳಿ. ನಿಮ್ಮ ರಿಪೋರ್ಟಿನ ಒಳ್ಳೆಯ ಅಧ್ಯಾಯ ಅದೇ ಆಗುತ್ತದೆ.

ನುಡಿ ಕತೆಯಲ್ಲಿ ನೀವು ಒಬ್ಬರೇ ಅಲ್ಲ. ನುಡಿಯ ಹಳೆಯ ಅಕ್ಷರಗಳು ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇದ್ದಲ್ಲಿ ಕನ್ನಡ ಕಾಣುತ್ತದೆ, ಮೇಲ್‌ಗೆ ಅಂಟಿಸಿದರೆ ಫಾಂಟ್ ಕಳಚಿ ಬರೀ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಕ್ಷರಕ್ಕೆ ಈ ಕಾಟ ಇಲ್ಲ, ಆದರೆ ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಇರುವ ಕಡೆ ಇವತ್ತಿಗೂ ನುಡಿ ಫೈಲನ್ನೇ ಕೇಳುತ್ತಾರೆ. ಹಾಗಾಗಿ ಎರಡೂ ಕಳಿಸಿ. ಮೇಲ್‌ನೊಳಗೆ ಯೂನಿಕೋಡ್, ಜೊತೆಗೆ ನುಡಿ ಫೈಲ್. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಎಲ್ಲ ಸರಿ ಇದೆಯಾ ಅಂತ ಕಣ್ಣಾರೆ ಓದಿಯೇ ಕಳಿಸಿ.

ಫೋಟೋಕ್ಕೂ ಒಂದು ಉಪಾಯ ಹೇಳುತ್ತೇನೆ. ಕಾರ್ಯಕ್ರಮ ಶುರುವಾಗುವ ಮೊದಲೇ ವೇದಿಕೆಯ ಎದುರು ನಿಂತು, ಕುರ್ಚಿಗಳ ಚಿತ್ರ ಬರೆದು, ಕೂತ ಹಾಗೆ ಹೆಸರು ತುಂಬಿಸಿ. ಎದುರು ನಿಂತೇ ಬರೆಯಬೇಕು, ಯಾಕೆಂದರೆ ವೇದಿಕೆಯಲ್ಲಿ ಕೂತವರ ಬಲ ಫೋಟೋದಲ್ಲಿ ಎಡ ಆಗುತ್ತದೆ. ಹೆಸರು ಹೇಗೆ ಬರೆಯುತ್ತೀರಿ ಅಂತ ಅವರನ್ನೇ ಕೇಳಿ. ನಮ್ಮ ಊರಲ್ಲಿ ಡಿಸೋಜ, ಡಿಸೋಜಾ, ಡಿಸೊಜ ಮೂವರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ, ಮೂವರಿಗೂ ತಮ್ಮದೇ ಸರಿ. ನನ್ನ ಮೊದಲ ವರ್ಷದ ಮರ್ಯಾದೆ ಹೋದ ಕತೆ ಕೇಳಿ. ಕಟ್ಟಡಕ್ಕೆ ದಾನ ಕೊಟ್ಟವರೊಬ್ಬರು, ಅವರ ತಂದೆಯ ಹೆಸರಿನ ಹಿಂದೆ ಇರಬೇಕಿದ್ದ "ದಿವಂಗತ" ಅನ್ನುವ ಶಬ್ದ ನನ್ನ ಕೈತಪ್ಪಿನಿಂದ ದಾನಿಯ ಹೆಸರಿನ ಹಿಂದೆಯೇ ಹೋಗಿ ಕೂತಿತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅವರದೇ ಫೋನ್. "ಬದುಕಿದ್ದೇನೆ ಮೇಡಂ, ಬೇಕಾದರೆ ಬಂದು ನೋಡಿ." ಬಾಕ್ಸ್ ಸ್ವೀಟ್ಸ್ ಹಿಡಿದು ಮನೆಗೆ ಹೋಗಿ ಬಂದೆ.

ಇನ್ನು ರಿವ್ಯೂ. ನೀವು ನಿಲ್ಲಿಸಿದ್ದು ಸರಿ, ನಾಲ್ಕು ಬರೆದದ್ದು ತಪ್ಪು. ಸಾಧ್ಯವಾದರೆ ಆ ನಾಲ್ಕನ್ನೂ ತೆಗೆಯಿರಿ. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ನಮ್ಮ ವೃತ್ತಿಯವರು ಸೇರಿ ನೀತಿ ಸಂಹಿತೆ ಒಪ್ಪಿಕೊಂಡರು, ಆ ನೆನಪಿಗೇ ಏಪ್ರಿಲ್ 21 ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ. ಆವತ್ತು ಕೇಕ್ ಕತ್ತರಿಸಿ, ಮರುದಿನ ನಕಲಿ ರಿವ್ಯೂ ಬರೆಸುವವರೂ ಇದ್ದಾರೆ, ಏನು ಮಾಡುವುದು. ಆನ್‌ಲೈನ್ ರಿವ್ಯೂಗಳಿಗೆ ಅಂತಲೇ 2022ರಲ್ಲಿ ಭಾರತೀಯ ಮಾನಕ ಬ್ಯೂರೊ ಐಎಸ್ 19000 ಅನ್ನುವ ಮಾನದಂಡ ತಂದಿದೆ. ಅದು ಕಡ್ಡಾಯ ಅಲ್ಲ, ಆದರೆ "ಎಲ್ಲರೂ ಮಾಡ್ತಾರೆ" ಅನ್ನುವವರ ಎದುರು ಹೇಳಲು ಒಂದು ಆಧಾರ ಆಯಿತು. ಮುಂದೆ ಯಾರಾದರೂ ಹೇಳಿದರೆ, ಜಗಳ ಬೇಡ. "ಸರ್, ಹೋಟೆಲಿಗೆ ನಿಜವಾಗಿ ಬಂದ ಹತ್ತು ಜನರನ್ನು ಮಾತಾಡಿಸಿ ಅವರ ಕೈಯಲ್ಲೇ ಬರೆಸುತ್ತೇನೆ" ಅನ್ನಿ. ಒಪ್ಪಿದರೆ ಒಳ್ಳೆಯದು, ಒಪ್ಪದಿದ್ದರೆ ಆ ಜಾಗ ಎಂತದು ಅಂತ ಗೊತ್ತಾಯಿತಲ್ಲ.

ಸರ್ಟಿಫಿಕೇಟಿಗೆ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ ಬರೆದು ಒಂದು ಮೇಲ್ ಹಾಕಿ, ನಿಮ್ಮ ಗೈಡ್‌ಗೂ ಪ್ರತಿ ಇರಲಿ. ಮೇಷ್ಟ್ರು ಒಂದು ಫೋನ್ ಮಾಡಿದರೆ ಎಷ್ಟೋ ಸಲ ಮೂರು ದಿನದಲ್ಲಿ ಬರುತ್ತದೆ. ರಿಪೋರ್ಟಿನಲ್ಲಿ ರಿವ್ಯೂ ವಿಷಯ ಮುಚ್ಚಿಡಬೇಡಿ, ಹೋಟೆಲಿನ ಹೆಸರು ಮಾತ್ರ ಬೇಡ. ಮುಂದಿನ ಸಲ ಕೆಲಸ ಶುರು ಮಾಡುವ ಮೊದಲೇ ದಿನಾಂಕ ಹಾಕಿದ ಪತ್ರ ತೆಗೆದುಕೊಳ್ಳಿ.

ಪ್ರಶ್ನೆ: ಮಗಳನ್ನು ಎರಡು ತಿಂಗಳು ಬಿಡಿಕಾಸೂ ಕೊಡದೆ ದುಡಿಸಿದ್ದಾರೆ. ಕಾರ್ಕಳದಿಂದ ಮಂಗಳೂರಿಗೆ ದಿನಾ ಬಸ್ಸು. ಇದಕ್ಕೆ ಕಾನೂನು ಇಲ್ಲವಾ?
– ಒಬ್ಬರು ಅಮ್ಮ, ಕಾರ್ಕಳ

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ ಅಮ್ಮ. ಆದರೆ ಕಾಲೇಜಿನ ಪಾಠದ ಭಾಗವಾಗಿ ಮಾಡುವ ಇಂಟರ್ನ್‌ಶಿಪ್‌ಗೆ ಹಣ ಕೊಡಲೇಬೇಕು ಅಂತ ಕಾನೂನು ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ನೋಂದಣಿ ಮಾಡಿ ಸೇರಿಸಿಕೊಂಡರೆ ಮಾತ್ರ ಸ್ಟೈಪೆಂಡ್ (ಕಲಿಯುವಾಗ ಕೊಡುವ ಭತ್ಯೆ) ಕಡ್ಡಾಯ. ಡಿಗ್ರಿ ಮುಗಿದ ಮೇಲೆ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಮಗಳ ಹೆಸರು ಹಾಕಿಸಿ. ಬಸ್ಸಿನ ಸಂಕಟ ನಮ್ಮ ಕರಾವಳಿಗೆ ವಿಶೇಷ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಆದರೆ ನಮ್ಮಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಬೆಂಗಳೂರಿನ ಹುಡುಗಿ ಪುಕ್ಕಟೆ ಹೋಗಿ ಬರುತ್ತಾಳೆ, ನಿಮ್ಮ ಮಗಳು ಟಿಕೆಟ್ ಹರಿಸುತ್ತಾಳೆ. ಹಾಗಾಗಿ ಸ್ಟೈಪೆಂಡ್ ಇಲ್ಲ ಅಂದವರ ಹತ್ತಿರ ಬಸ್ ಚಾರ್ಜ್ ಮತ್ತು ಮಧ್ಯಾಹ್ನದ ಊಟ ಕೇಳಲು ಹೇಳಿ. ಸಂಬಳ ಅಂದರೆ ಮುಖ ಸಿಂಡರಿಸುವ ಮ್ಯಾನೇಜರ್ ಬಸ್ ಚಾರ್ಜ್ ಅಂದರೆ ವೋಚರ್‌ಗೆ ಸಹಿ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ: ಬೆಂಗಳೂರಿಗೆ ಹೋಗದೆ ಉಡುಪಿಯಲ್ಲೇ ಪಿ.ಆರ್. ಕಲಿಯಲು ಆಗುತ್ತದಾ?
– ಬಿ.ಎ. ಹುಡುಗ, ಮಲ್ಪೆ

ಉತ್ತರ: ಮೊದಲಿನಷ್ಟು ಸುಲಭ ಇಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, ಹೀಗೆ ಬ್ಯಾಂಕುಗಳನ್ನು ಹೆತ್ತ ಊರು ನಮ್ಮದು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಹೆಡ್ ಆಫೀಸ್ ಹೋದ ಹಿಂದೆಯೇ ಪ್ರಚಾರ ವಿಭಾಗವೂ ಹೋಗುತ್ತದೆ, ಇಂಟರ್ನ್‌ಗಳ ಕುರ್ಚಿಯೂ ಹೋಗುತ್ತದೆ. 1924ರ ಕರ್ಣಾಟಕ ಬ್ಯಾಂಕಿನ ಹೆಡ್ ಆಫೀಸ್ ಈಗಲೂ ಮಂಗಳೂರಿನಲ್ಲೇ ಇದೆ, ಅಲ್ಲಿ ವಿಚಾರಿಸಿ. ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಂತೂ ಇವೆ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿದೆ. ಡಿ.ಸಿ. ಮೀಟಿಂಗಿನಲ್ಲಿ ಎರಡು ಗಂಟೆ ಆಡಿದ ಮಾತನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ ಅಂತ ಅಲ್ಲಿ ನೋಡಬೇಕು. ಮಾತಿಗೆ ಬರೆಯಲು ಕಲಿಯಬೇಕಾದರೆ ರೇಡಿಯೊ ಮಣಿಪಾಲ್ ನಿಮಗೆ ಹತ್ತಿರ. ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಂಪನಿ, ಪಣಂಬೂರು ಬಂದರು ಅಂತ ಆಸೆ ಇದ್ದರೆ ತುಂಬ ಮೊದಲೇ ಅರ್ಜಿ ಹಾಕಿ, ಅಂಥ ಕಡೆ ಗೇಟ್ ಪಾಸೇ ಒಂದು ದೊಡ್ಡ ಕೆಲಸ.

ಪ್ರಶ್ನೆ: ಪಿ.ಆರ್.ಒ. ಅಂದರೆ ಸುಳ್ಳು ಹೇಳಲು ಸಂಬಳ ತೆಗೆದುಕೊಳ್ಳುವವರು ಅಲ್ವಾ?
– ಕುತೂಹಲಿ, ಬಿಜೈ

ಉತ್ತರ: ಸುಳ್ಳು ಹೇಳಲು ಅಷ್ಟು ಕಡಿಮೆ ಸಂಬಳ ಸಾಲುತ್ತದಾ?

ಪ್ರಶ್ನೆ: ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಪ್ರಚಾರ ಸಮಿತಿಯಲ್ಲಿ ನಾಲ್ಕು ತಿಂಗಳು ಓಡಾಡಿದ್ದೇನೆ. ಇದನ್ನು ಬಯೋಡೇಟಾದಲ್ಲಿ ಹಾಕಿದರೆ ನಗುತ್ತಾರಾ?
– ಪಿ.ಆರ್. ವಿದ್ಯಾರ್ಥಿ, ಬ್ರಹ್ಮಾವರ

ಉತ್ತರ: ನಗುವವರು ಬ್ರಹ್ಮಕಲಶ ನೋಡಿದವರಲ್ಲ. "ಸಮಿತಿ ಸದಸ್ಯ" ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟು ಪ್ರೆಸ್ ನೋಟ್ ಬರೆದಿರಿ, ಎಷ್ಟು ಅಚ್ಚಾಯಿತು, ಭಕ್ತರು ಅಕ್ಕಿ, ತೆಂಗಿನಕಾಯಿ ತಂದೊಪ್ಪಿಸುವ ಹೊರೆಕಾಣಿಕೆ ಮೆರವಣಿಗೆಯ ದಿನ ರಸ್ತೆ ಬದಲಾದದ್ದನ್ನು ಜನರಿಗೆ ಹೇಗೆ ಮುಟ್ಟಿಸಿದಿರಿ, ಅದನ್ನು ಬರೆಯಿರಿ. ನೋಟ್, ಕಟಿಂಗ್ಸ್, ಪೊಲೀಸರಿಗೆ ಕೊಟ್ಟ ಪತ್ರದ ನಕಲು ಎಲ್ಲ ಫೈಲಿನಲ್ಲಿರಲಿ. ಆಮಂತ್ರಣ ಪತ್ರಿಕೆಯಲ್ಲಿ ಯಾರದೋ ಹೆಸರು ಬಿಟ್ಟುಹೋಗಿ, ಅವರು ಮುನಿಸಿಕೊಂಡು, ನೀವು ಮನೆಗೆ ಹೋಗಿ ಸಮಾಧಾನ ಮಾಡಿದ ಕತೆ ಒಂದಾದರೂ ಇದ್ದೇ ಇರುತ್ತದೆ. ಅದನ್ನು ನನಗೆ ಪ್ರತ್ಯೇಕ ಬರೆದು ಕಳಿಸಿ, ಮುಂದಿನ ಸಲ ಇಲ್ಲಿಯೇ ಹಾಕುವ.